ನಾಲ್ಕು ಬಾಗಿಲಿನ ವೇಗ, ಎರಡು ಸೀಟಿನ ಹಠ

ಕಾಗದದ ಮೇಲೆ ನೋಡಿದರೆ ಈ ಚರ್ಚೆಗೆ ಜಾಗವೇ ಇಲ್ಲ. ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ ಜೋಡಣೆಯಾಗುವ ಬಿಎಂಡಬ್ಲ್ಯು ಎಂ340ಐ ನಿಂತಲ್ಲಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 4.4 ಸೆಕೆಂಡು ಸಾಕು. ಜರ್ಮನಿಯಿಂದ ಇಡಿಯಾಗಿ ಆಮದಾಗಿ ಬಂದ ಎರಡು ಸೀಟಿನ ಪೋರ್ಷೆ 718 ಕೇಮನ್‌ಗೆ ಅಷ್ಟೇ ಕೆಲಸಕ್ಕೆ 4.9 ಸೆಕೆಂಡು ಬೇಕು. ಬಿಎಂಡಬ್ಲ್ಯು ಬಾನೆಟ್ಟಿನ ಕೆಳಗೆ ಆರು ಸಿಲಿಂಡರಿನ 3 ಲೀಟರ್ ಎಂಜಿನ್, 374 ಅಶ್ವಶಕ್ತಿ. ಕೇಮನ್‌ನ ಸೀಟಿನ ಬೆನ್ನ ಹಿಂದೆ ನಾಲ್ಕು ಸಿಲಿಂಡರಿನ 2 ಲೀಟರ್ ಎಂಜಿನ್, 300 ಅಶ್ವಶಕ್ತಿ. ಒಂದರಲ್ಲಿ ಅಪ್ಪ ಅಮ್ಮ ಮಕ್ಕಳು ಎಲ್ಲರೂ ಕೂತು ಧರ್ಮಸ್ಥಳಕ್ಕೆ ಹೋಗಿಬರಬಹುದು, ಇನ್ನೊಂದರಲ್ಲಿ ಮೂರನೆಯವರು ಬಂದರೆ ಆಟೋ ಹಿಡಿಯಬೇಕು. ಹೀಗಿರುವಾಗ ಕೇಮನ್ ಬೇಕು ಎನ್ನುವವನ ತಲೆ ಸರಿಯಿದೆಯೇ ಅಂತ ಮನೆಯವರು ಕೇಳಿದರೆ ತಪ್ಪೇನಿಲ್ಲ.

ನನ್ನ ಗೆಳೆಯನ ಮನೆಯಲ್ಲೂ ಈ ಪ್ರಶ್ನೆ ಎದ್ದಿದೆ. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕೆಲಸ, ಹೈಸ್ಕೂಲಿನಿಂದ ಕಾರಿನ ಹುಚ್ಚು, ನಲವತ್ತು ದಾಟಿದ ಮೇಲೆ ಕೈಗೆ ಬಂದ ಒಂದಿಷ್ಟು ಷೇರಿನ ಹಣ. ಅವನ ಮುಂದಿರುವುದು ಎರಡು ದಾರಿ: ಹೊಸ ಎಂ340ಐ, ಇಲ್ಲವೇ ಹೆಚ್ಚೂಕಡಿಮೆ ಅದೇ ಹಣಕ್ಕೆ ಸಿಗುವ, ಕೆಲವು ವರ್ಷ ಓಡಿದ 718 ಕೇಮನ್. ಟೆಸ್ಟ್ ಡ್ರೈವ್‌ಗೆ ಜೊತೆಗೆ ಬಾ ಎಂದ. ನನಗೆ ಎರಡರಲ್ಲಿ ಯಾವುದನ್ನೂ ಕೊಳ್ಳುವ ಯೋಗ್ಯತೆ ಇಲ್ಲದ್ದರಿಂದ ನಿಷ್ಪಕ್ಷಪಾತಿಯಾಗಿರುವುದು ಸುಲಭ ಅಂದುಕೊಂಡು ಹೋದೆ.

ಶೋರೂಂನವರ ಟೆಸ್ಟ್ ಡ್ರೈವ್‌ಗೆ ಒಂದು ಸಿದ್ಧ ದಾರಿ ಇರುತ್ತದೆ. ಹೆಬ್ಬಾಳ ದಾಟಿಸಿ ವಿಮಾನ ನಿಲ್ದಾಣದ ರಸ್ತೆಗೆ ಹಚ್ಚುತ್ತಾರೆ. ಗುಂಡಿ ಇಲ್ಲ, ಸಿಗ್ನಲ್ ಇಲ್ಲ, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಸ್ಕೂಟರಿಲ್ಲ. ಪಕ್ಕದಲ್ಲಿ ಕೂತ ಸೇಲ್ಸ್ ಹುಡುಗ ಸರಿಯಾದ ಜಾಗ ಬಂದೊಡನೆ, “ಸರ್, ಈಗ ಸ್ಪೋರ್ಟ್ ಮೋಡ್ ಹಾಕಿ ಒಂದ್ಸಲ ಒತ್ತಿ” ಅಂದ. ಗೆಳೆಯ ಒತ್ತಿದ. ಬೆನ್ನು ಸೀಟಿಗೆ ಅಂಟಿತು, ಆರು ಸಿಲಿಂಡರು ಒಟ್ಟಿಗೆ ದನಿ ತೆಗೆದವು, ಗೆಳೆಯನ ಮುಖದಲ್ಲಿ ಹತ್ತನೇ ಕ್ಲಾಸಿನ ಹುಡುಗ ಕಾಣಿಸಿಕೊಂಡ. ಆಮೇಲೆ ಕಾಲು ತೆಗೆಯಲೇಬೇಕಾಯಿತು, ಏಕೆಂದರೆ ಮಿತಿಯ ವೇಗ ಮುಟ್ಟುವುದಕ್ಕೆ ನಾಲ್ಕು ಸೆಕೆಂಡು ಕೂಡ ಹಿಡಿಯಲಿಲ್ಲ. ಟೆಸ್ಟ್ ಡ್ರೈವ್ ಎಂದರೆ ಅಷ್ಟೇ: ನಾಲ್ಕು ಸೆಕೆಂಡಿನ ನಗು, ಅರ್ಧ ಗಂಟೆಯ ಎಸಿ, ಕೊನೆಗೆ ಕಾಫಿ ಮತ್ತು ಕೊಟೇಶನ್.

ಅಲ್ಲಿಗೆ ಬಿಟ್ಟರೆ ಬಿಎಂಡಬ್ಲ್ಯು ಗೆದ್ದಂತೆ. ಆದರೆ ಆ ನಾಲ್ಕು ಸೆಕೆಂಡು ಪರೀಕ್ಷಿಸಿದ್ದು ಇವತ್ತಿನ ಯಾವ ದುಬಾರಿ ಕಾರಿನಲ್ಲೂ ಕೊರತೆಯಿಲ್ಲದ ಒಂದು ಗುಣವನ್ನು, ಅಂದರೆ ಪಿಕಪ್ಪನ್ನು. ಅದನ್ನು ಎಲ್ಲಿ ಬಳಸುತ್ತೀರಿ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100 ಕಿ.ಮೀ., ಕ್ಯಾಮೆರಾಗಳು ಸಾಲಾಗಿ ಕಣ್ಣಿಟ್ಟಿವೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದರೆ ದಂಡದ ಜೊತೆಗೆ ಎಫ್‌ಐಆರ್ ಕೂಡ ಬೀಳುತ್ತದೆ. ಎರಡೂ ಕಾರುಗಳು ಆ ವೇಗವನ್ನು ಮೂರನೆಯ ನಾಲ್ಕನೆಯ ಗೇರಿನಲ್ಲೇ ಮುಟ್ಟಿಬಿಡುತ್ತವೆ. ಹಾಗಾಗಿ 374 ಹೆಚ್ಚೋ 300 ಹೆಚ್ಚೋ ಎಂಬ ವಾದ ಇಲ್ಲಿನ ರಸ್ತೆಯಲ್ಲಿ ಕೇವಲ ವಾದ. ಸ್ಪೋರ್ಟ್ಸ್ ಕಾರು ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಬೇರೆ: 40 ಕಿ.ಮೀ. ವೇಗದಲ್ಲಿ, ಒಂದು ಸಾದಾ ತಿರುವಿನಲ್ಲಿ, ಈ ಕಾರು ನನಗೆ ಏನಾದರೂ ಕೊಡುತ್ತದೆಯೇ?

ಗೆಳೆಯನಿಗೆ ಇದನ್ನೇ ಹೇಳಿದೆ. ಶೋರೂಂನವರು ಮೊದಲು ಗೊಣಗಿ, ಆಮೇಲೆ ಒಪ್ಪಿ, ಸಂಜೆ ಟ್ರಾಫಿಕ್ಕಿನಲ್ಲಿ ಇನ್ನೊಂದು ಸಲ ಬಂಡಿ ಕೊಟ್ಟರು. ಈ ಸಲ ನಾವು ದಾರಿ ಆರಿಸಿದೆವು: ಸರ್ವಿಸ್ ರಸ್ತೆ, ಮೆಟ್ರೋ ಕಾಮಗಾರಿಯ ತಗಡಿನ ಬೇಲಿ ಪಕ್ಕದ ಒಡೆದ ಡಾಂಬರು, ಬಡಾವಣೆಯೊಳಗಿನ ಹಂಪುಗಳು, ಗೆಳೆಯನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರಾಂಪು. ಎಂ340ಐ ನಿಜವಾಗಿ ಎಷ್ಟು ಒಳ್ಳೆಯ ಕಾರು ಎಂಬುದು ತಿಳಿದದ್ದು ಆಗ, ಹೆದ್ದಾರಿಯಲ್ಲಿ ಅಲ್ಲ. ಬಂಪರ್ ಟು ಬಂಪರ್ ತೆವಳುವಾಗ ಅದರ 8 ಗೇರಿನ ಆಟೋಮ್ಯಾಟಿಕ್ ಇದೆಯೋ ಇಲ್ಲವೋ ತಿಳಿಯದಷ್ಟು ನಯ. ಸಸ್ಪೆನ್ಶನ್ ಗಟ್ಟಿಯಿದ್ದರೂ ಗುಂಡಿಗೆ ಬಿದ್ದಾಗ ಸೊಂಟಕ್ಕೆ ಹೊಡೆಯಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನಿಗೆ ಇದು ಒಂದು ಬಿಎಂಡಬ್ಲ್ಯು, ಅಷ್ಟೇ. ಒಳಗೆ ಏನಿದೆ ಎಂದು ಗೊತ್ತಿರುವುದು ಓಡಿಸುವವನಿಗೆ ಮಾತ್ರ. ಈ ಗುಟ್ಟಿನ ಸುಖ ಇಷ್ಟಪಡುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರ ಕಡೆಯವನೇ.

ಆದರೆ ಅದೇ 40ರ ವೇಗದಲ್ಲಿ, ಬಡಾವಣೆಯ ತಿರುವಿನಲ್ಲಿ ಅದು ಒಂದು ದೊಡ್ಡ, ವಿನಯವಂತ ಕಾರು. ತೂಕ 1,700 ಕೆ.ಜಿ. ಮೀರಿದೆ. ಸ್ಟೇರಿಂಗ್ ತಿರುಗಿಸಿದರೆ ತಿರುಗುತ್ತದೆ, ಕರಾರುವಾಕ್ಕಾಗಿ ತಿರುಗುತ್ತದೆ, ಆದರೆ ರಸ್ತೆಯಿಂದ ಅಂಗೈಗೆ ಬರುವ ಸುದ್ದಿ ಕಡಿಮೆ. ಇದು ದೂರಲ್ಲ. ಆ ಕಾರನ್ನು ದಿನಾ ಓಡಿಸುವವನಿಗೆ ಆ ಸುದ್ದಿ ಬೇಡವೂ ಇರಬಹುದು. ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ಸಿಲ್ಕ್ ಬೋರ್ಡ್ ದಾಟುವಾಗ ರಸ್ತೆಯ ಸುದ್ದಿ ಯಾರಿಗೆ ಬೇಕು.

ಕೇಮನ್ ನೋಡಲು ಹೋದದ್ದು ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಮಾರುವ ಒಂದು ಕಡೆ. ಅಲ್ಲಿಯ ರಿವಾಜೇ ಬೇರೆ. ಕೀಲಿ ಕೊಡುವ ಮುಂಚೆ ಡ್ರೈವಿಂಗ್ ಲೈಸೆನ್ಸ್ ಝೆರಾಕ್ಸ್, ಸಾಮರ್ಥ್ಯ ಅಳೆಯುವ ನಾಲ್ಕು ಪ್ರಶ್ನೆ, “ಸೀರಿಯಸ್ ಬೈಯರ್ ತಾನೆ ಸರ್?” ಎಂಬ ಸಣ್ಣ ಅನುಮಾನ. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ಭಾನುವಾರ ಬೆಳಗ್ಗೆ ಬಿಟ್ಟಿ ಸವಾರಿಗೆ ಬರುವವರ ಕಾಟ ಅವರಿಗೆ ಇದ್ದದ್ದೇ. ನಾವು ಮೊದಲೇ ಫೋನಿನಲ್ಲಿ ಒಂದು ಮಾತು ಹೇಳಿದ್ದೆವು: ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತಣ್ಣಗಿದ್ದ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಹೇಳುವ ಸತ್ಯವನ್ನು ಬಿಸಿಯಾದ ಮೇಲೆ ಹೇಳುವುದಿಲ್ಲ. ಹೋಗಿ ಹಿಂಭಾಗದ ಮುಚ್ಚಳ ಮುಟ್ಟಿ ನೋಡಿದೆವು, ತಣ್ಣಗಿತ್ತು. ಅಲ್ಲಿಂದ ನಮಗೆ ಆ ಮಾರಾಟಗಾರನ ಮೇಲೆ ಸ್ವಲ್ಪ ನಂಬಿಕೆ ಹುಟ್ಟಿತು.

ಕೂರುವುದೇ ಒಂದು ಕಸರತ್ತು. ಕೂರುವುದಲ್ಲ, ಇಳಿದು ಸೇರಿಕೊಳ್ಳಬೇಕು. ಸೀಟು ನೆಲಕ್ಕೆ ಎಷ್ಟು ಹತ್ತಿರ ಎಂದರೆ, ರಸ್ತೆಗೆ ಬಂದಾಗ ಪಕ್ಕದ ಬಿಎಂಟಿಸಿ ಬಸ್ಸಿನ ಚಕ್ರದ ನಟ್ಟುಗಳು ಕಣ್ಣಿನ ಮಟ್ಟಕ್ಕೆ ಬಂದವು. ಬಲಗಡೆಯಿಂದ ನುಗ್ಗಿದ ಡೆಲಿವರಿ ಹುಡುಗನ ಮೊಣಕಾಲು ಮಾತ್ರ ಕಾಣಿಸಿತು. ಮೊದಲ ಹಂಪು ಬಂದಾಗ ಪಕ್ಕದಲ್ಲಿದ್ದ ನಾನೇ “ಅಡ್ಡಡ್ಡ ತಗೋ, ಅಡ್ಡಡ್ಡ” ಎಂದು ಕೈ ಓರೆ ಮಾಡಿ ತೋರಿಸಿದೆ. ಒಂದು ಚಕ್ರ ಹತ್ತಿಸಿ, ಆಮೇಲೆ ಇನ್ನೊಂದು. ಹಿಂದಿದ್ದವನು ಹಾರನ್ ಹೊಡೆದ. ಎರಡನೆಯದಕ್ಕೂ ಹಾಗೇ. ಮೂರನೆಯದು ಯಾರೋ ಸ್ಥಳೀಯರು ರಾತ್ರೋರಾತ್ರಿ ಹಾಕಿಸಿದ, ಬಣ್ಣವಿಲ್ಲದ, ಚೂಪಾದ ಹಂಪು. ಎಷ್ಟು ಓರೆ ಮಾಡಿದರೂ ಅಡಿಯಲ್ಲಿ ಪ್ಲಾಸ್ಟಿಕ್ ಉಜ್ಜಿದ ಶಬ್ದ ಬಂತು. ಗೆಳೆಯ ಹಲ್ಲು ಕಚ್ಚಿದ. ನಾನು ಕೇಳಿಸದವನಂತೆ ಮೊಬೈಲ್ ನೋಡಿದೆ.

ಅದಾದ ಮೇಲೆ ಒಂದು ಖಾಲಿ ವೃತ್ತ ಸಿಕ್ಕಿತು. ವೇಗ ನಲವತ್ತರ ಆಸುಪಾಸು, ಹೆಚ್ಚಿಲ್ಲ. ಗೆಳೆಯ ಅದನ್ನು ಸುತ್ತಿದ, ಇನ್ನೊಮ್ಮೆ ಸುತ್ತಿದ, ಮತ್ತೂ ಒಮ್ಮೆ. ಏನೂ ಮಾತಾಡಲಿಲ್ಲ. ಕೇಮನ್ ತೂಕ 1,400 ಕೆ.ಜಿ.ಗೂ ಕಡಿಮೆ, ಅದರಲ್ಲೂ ಭಾರವಾದ ಎಂಜಿನ್ ಮೂತಿಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ, ಎರಡು ಅಚ್ಚುಗಳ ನಡುವೆ, ಓಡಿಸುವವನ ಬೆನ್ನಿಗೆ ಒತ್ತಿಕೊಂಡಂತೆ ಕೂತಿದೆ. ತಿರುಗಿಸಿದಾಗ ಮೊದಲು ಮೂತಿ ತಿರುಗಿ ಆಮೇಲೆ ಮಿಕ್ಕ ಕಾರು ಹಿಂಬಾಲಿಸುವ ಅನುಭವ ಇಲ್ಲಿಲ್ಲ. ನಿಮ್ಮ ಸೊಂಟದ ಸುತ್ತ ಇಡೀ ಬಂಡಿ ಒಟ್ಟಿಗೆ ತಿರುಗುತ್ತದೆ. ಸ್ಟೇರಿಂಗ್ ಇದರಲ್ಲೂ ವಿದ್ಯುತ್ ಸಹಾಯದ್ದೇ, ಆದರೂ ಡಾಂಬರಿನ ಉಬ್ಬುತಗ್ಗು ಬೆರಳಿಗೆ ಬರುತ್ತದೆ. ನಾನು ಪಕ್ಕದ ಸೀಟಿನಲ್ಲಿ ಕೂತವನಿಗೇ ಅದು ತಿಳಿಯಿತು.

ಕಡಿಮೆ ಶಕ್ತಿ, ಕಡಿಮೆ ತೂಕ, ಹೆಚ್ಚು ಸುಖ ಎಂಬ ಈ ಲೆಕ್ಕ ಪೋರ್ಷೆಯ ಸ್ವಂತ ಆಸ್ತಿಯಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಅಶ್ವಶಕ್ತಿಯಲ್ಲಿ ಬಡವ, ಆದರೂ 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎನಿಸಿಕೊಂಡಿತು. ನಮ್ಮ ದೇಶಕ್ಕೆ ಅದು ಬರಲೇ ಇಲ್ಲ. ಬಂದಿದ್ದರೆ ಗೆಳೆಯನ ಅರ್ಧ ಸಮಸ್ಯೆ ಮುಕ್ಕಾಲು ಬೆಲೆಯಲ್ಲಿ ಬಗೆಹರಿಯುತ್ತಿತ್ತೇನೋ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ತೊಂಬತ್ತರ ದಶಕದ ಕೊನೆಗೆ ಪುಟ್ಟ ರೆನೋ ಎಂಜಿನ್ ಕೂರಿಸಿ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಕಾರು ತಂದಿತ್ತು. ಅದನ್ನು ನೆನಪಿಟ್ಟುಕೊಂಡವರೇ ಈಗ ಕಡಿಮೆ.

ಹಾಗಂತ ಕೇಮನ್ ಪರ ತೀರ್ಪು ಬರೆದುಬಿಡುವಂತಿಲ್ಲ. ವೃತ್ತದ ಆ ಮೂರು ಸುತ್ತಿಗೆ ಮುಂಚೆ ಮೂರು ಹಂಪುಗಳಿದ್ದವು, ಆಮೇಲೂ ಇದ್ದವು. ಗೆಳೆಯನ ಅಪಾರ್ಟ್‌ಮೆಂಟ್ ರಾಂಪಿನ ತಲೆಯಲ್ಲಿ ಚರಂಡಿ ಮುಚ್ಚಿದ ಕಬ್ಬಿಣದ ಜಾಲರಿ ಎದ್ದುನಿಂತಿದೆ. ದಿನಾ ಎರಡು ಸಲ ಅದನ್ನು ದಾಟಬೇಕು. ಅಲ್ಲದೆ ನಾಲ್ಕು ಸಿಲಿಂಡರಿನ 718ರ ದನಿಯ ಬಗ್ಗೆ 2016ರಲ್ಲಿ ಅದು ಬಂದಾಗಿನಿಂದಲೂ ಮೂಗು ಮುರಿಯುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ಅದರ ಹಿಂದಿನ ತಲೆಮಾರಿನಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರಿನ 2.7 ಲೀಟರ್ ಎಂಜಿನ್ ಇತ್ತು, 275 ಅಶ್ವಶಕ್ತಿ, ಸಂಗೀತದಂಥ ದನಿ. ಹೊಗೆ ಮತ್ತು ಇಂಧನದ ನಿಯಮಗಳು ಬಿಗಿಯಾದ ಕಾಲದಲ್ಲಿ ಬಂದ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಶಕ್ತಿ ಕೂಡಿಸಿತು, ರಾಗ ಕಳೆಯಿತು. ನಿಂತಲ್ಲೇ ಗುರುಗುಟ್ಟುವಾಗ ಅದು ಸ್ಪೋರ್ಟ್ಸ್ ಕಾರಿಗಿಂತ ಪಂಪ್‌ಸೆಟ್ಟಿಗೇ ಹತ್ತಿರ. ದನಿಯೇ ಮುಖ್ಯ ಎನ್ನುವವನಿಗೆ ಈ ಜೋಡಿಯಲ್ಲಿ ಬಿಎಂಡಬ್ಲ್ಯು ಹೆಚ್ಚು ಸ್ಪೋರ್ಟ್ಸ್ ಕಾರು. ಹಳೆಯ ಆರು ಸಿಲಿಂಡರಿನದನ್ನೇ ಹುಡುಕಬಹುದಲ್ಲ ಎಂದರೆ, ಅದು ಇನ್ನೂ ನಾಲ್ಕಾರು ವರ್ಷ ಹೆಚ್ಚು ಹಳೆಯದು, ಅದರ ತಾಪತ್ರಯಗಳೂ ಅಷ್ಟೇ ಹೆಚ್ಚು.

ಇನ್ನು ದುಡ್ಡು. ಕರ್ನಾಟಕದಲ್ಲಿ ಇದನ್ನು ಬಿಟ್ಟು ಕಾರಿನ ಮಾತಾಡಲು ಆಗುವುದಿಲ್ಲ. ₹20 ಲಕ್ಷ ಮೀರಿದ ಕಾರಿಗೆ ಇಲ್ಲಿನ ಲೈಫ್ ಟ್ಯಾಕ್ಸ್ 18%, ಅದರ ತಲೆಯ ಮೇಲೆ ಸೆಸ್. ಶೋರೂಂ ಬೆಲೆ ಸುಮಾರು ₹75 ಲಕ್ಷದ ಕಾರು ಎಂದಿಟ್ಟುಕೊಂಡರೂ ತೆರಿಗೆಯೊಂದೇ ₹13.5 ಲಕ್ಷ. ಅಷ್ಟರಲ್ಲಿ ಇನ್ನೊಂದು ಒಳ್ಳೆಯ ಕಾರು ಬರುತ್ತದೆ. ಈ ಭಾರ ತಪ್ಪಿಸಿಕೊಳ್ಳಲು ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಹಳೆಯ ಚಾಳಿ ಒಂದಿದೆ. ಸಾರಿಗೆ ಇಲಾಖೆ ಈಚೆಗೆ ಅದರ ಬೆನ್ನು ಬಿದ್ದಿದೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯನ್ನು ಬೆಂಗಳೂರಿನಲ್ಲಿ ಹಿಡಿದು ₹1.4 ಕೋಟಿಗೂ ಹೆಚ್ಚು ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂತು.

ಸೆಕೆಂಡ್ ಹ್ಯಾಂಡ್ ಕಾರಿನ ದೊಡ್ಡ ಅನುಕೂಲ ಇಲ್ಲಿದೆ. ಕೆಎ ನಂಬರಿನ ಕೇಮನ್ ಆದರೆ ಲೈಫ್ ಟ್ಯಾಕ್ಸನ್ನು ಮೊದಲ ಮಾಲೀಕ ಕಟ್ಟಿಯಾಗಿದೆ. ಆಮದು ಸುಂಕವೂ ಹಾಗೇ. ಪೋರ್ಷೆ ಕಾರುಗಳೆಲ್ಲ ನಮ್ಮಲ್ಲಿಗೆ ಇಡಿಯಾಗಿ ಬರುವಂಥವು. 40,000 ಡಾಲರ್ ಮೀರಿದ ಕಾರಿಗೆ ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ಆ ಪೆಟ್ಟು ತಿಂದವನು ಮೊದಲ ಮಾಲೀಕ, ಅದರ ಲಾಭ ಎರಡನೆಯವನಿಗೆ. ಹೊಸ ಎಂ340ಐ ಗೇಟಿನಿಂದ ಹೊರಬಿದ್ದ ಮೊದಲ ಎರಡು ಮೂರು ವರ್ಷದಲ್ಲಿ ಲಕ್ಷಗಟ್ಟಲೆ ಕರಗುತ್ತದೆ. ಕೇಮನ್‌ನಲ್ಲಿ ಆ ಕರಗುವಿಕೆ ಹೆಚ್ಚಿನಂಶ ಮುಗಿದಿದೆ. ಪೆಟ್ರೋಲಿನ 718ರ ತಯಾರಿಕೆಯೇ 2025ರಲ್ಲಿ ನಿಂತಿರುವುದರಿಂದ ಚೆನ್ನಾಗಿ ಇಟ್ಟುಕೊಂಡ ಬಂಡಿಗಳ ಬೆಲೆ ಬೇಗ ಬೀಳಲಾರದು ಎಂದು ವ್ಯಾಪಾರಿಗಳು ಹೇಳುತ್ತಾರೆ. ವ್ಯಾಪಾರಿಗಳು ಇನ್ನೇನು ಹೇಳುತ್ತಾರೆ, ಆದರೆ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಅನಾನುಕೂಲದ ಪಟ್ಟಿ ಇನ್ನೊಂದು ಕಡೆ ಉದ್ದವಿದೆ. ಹೊಸ ಕಾರಿಗೆ ಕಂಪನಿಯ ವಾರಂಟಿ ಇದೆ, ಸರ್ವಿಸ್ ಪ್ಯಾಕೇಜ್ ಇದೆ, ಏನಾದರೂ ಕೈಕೊಟ್ಟರೆ ಫೋನ್ ಮಾಡಿ ರೇಗಾಡಲು ಒಬ್ಬರು ಇದ್ದಾರೆ. ಹಳೆಯ ಕಾರಿಗೆ ಇರುವುದು ನಿಮ್ಮ ಬ್ಯಾಂಕ್ ಬ್ಯಾಲೆನ್ಸ್. ಕೇಮನ್‌ನ ಮುಂದಿನ ಹಿಂದಿನ ಟೈರುಗಳ ಅಳತೆ ಬೇರೆ ಬೇರೆ, ಹಿಂದಿನವು ಅಗಲ. ಆದ್ದರಿಂದ ಅದಲುಬದಲು ಮಾಡಿ ಆಯುಸ್ಸು ಹೆಚ್ಚಿಸುವಂತಿಲ್ಲ. ಒಂದು ಹೆಡ್‌ಲೈಟ್ ಒಡೆದರೆ ಬಿಡಿಭಾಗ ಹಡಗಿನಲ್ಲೋ ವಿಮಾನದಲ್ಲೋ ಬರುವ ತನಕ ಕಾರು ಹೊದಿಕೆಯ ಕೆಳಗೆ ಮಲಗಿರುತ್ತದೆ. ಇನ್ಶೂರೆನ್ಸ್‌ನಲ್ಲಿ ಹಳೆಯ ಆಮದು ಕಾರಿನ ಐಡಿವಿ ಎಷ್ಟು ಹಾಕುತ್ತಾರೆ, ಝೀರೋ ಡೆಪ್ ಕೊಡುತ್ತಾರೋ ಇಲ್ಲವೋ ಎಂಬುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಬೇಕು. ಪೆಟ್ರೋಲ್ ಬೇರೆ. ಈಗ ಬಂಕುಗಳಲ್ಲಿ ಸಿಗುವ ಇ20ರಲ್ಲಿ ಐದನೇ ಒಂದು ಭಾಗ ಎಥನಾಲ್. ಆ ಕಾಲದ ಯುರೋಪಿನ ಕಾರು ಎಷ್ಟು ಎಥನಾಲ್ ಸೈರಿಸುತ್ತದೆ ಎಂಬುದು ಸಾಮಾನ್ಯವಾಗಿ ಪೆಟ್ರೋಲ್ ಮುಚ್ಚಳದ ಒಳಮೈ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ನೋಡುವವರು ಕಡಿಮೆ.

ಸಾಲದ ಲೆಕ್ಕವೂ ಎರಡಕ್ಕೆ ಒಂದೇ ಅಲ್ಲ. ಹೊಸದಕ್ಕೆ ಬ್ಯಾಂಕು ಕಡಿಮೆ ಬಡ್ಡಿಗೆ ಓಡಿಬಂದು ಕೊಡುತ್ತದೆ, ಹಳೆಯದಕ್ಕೆ ಬಡ್ಡಿ ಹೆಚ್ಚು, ಅವಧಿ ಕಡಿಮೆ.

ಕುಟುಂಬದ ಮಾತು ಕೊನೆಗೆ ಇಟ್ಟೆ, ಆದರೆ ಮನೆಯಲ್ಲಿ ಅದೇ ಮೊದಲು ಬಂದದ್ದು. ಗೆಳೆಯನ ತಾಯಿ ಕೇಮನ್ ಚಿತ್ರ ನೋಡಿ, “ಚೆನ್ನಾಗಿದೆ ಕಣಪ್ಪ, ನಾನೆಲ್ಲಿ ಕೂರಲಿ?” ಎಂದರು. ಅವರಿಗೆ ಮೊಣಕಾಲು ನೋವು. ಮುಂದಿನ ಸೀಟಿಗೆ ಇಳಿಸಬಹುದು, ಎತ್ತುವುದು ಕಷ್ಟ. ಅವನ ಹೆಂಡತಿಯ ತಕರಾರು ಬೇರೆ ಥರದ್ದು ಮತ್ತು ನನಗೆ ಹೆಚ್ಚು ಕುತೂಹಲದ್ದು. “ಎರಡು ಸೀಟಿನದು ತಂದರೆ ಅದು ನಿಮ್ಮ ಕಾರು. ನಾಲ್ಕು ಸೀಟಿನದು ತಂದರೆ ಅದು ನಮ್ಮ ಕಾರು ಅಂತ ಹೇಳಿಕೊಂಡು ನಿಮ್ಮ ಕಾರೇ ತರುತ್ತೀರಿ. ಮೊದಲನೆಯದರಲ್ಲಿ ಸುಳ್ಳಾದರೂ ಇಲ್ಲ” ಅಂದರು. ಗೆಳೆಯನಿಗೆ ಉತ್ತರ ಹೊಳೆಯಲಿಲ್ಲ. ನಾನು ಟೀ ಕುಡಿಯುವುದರಲ್ಲಿ ಮಗ್ನನಾದೆ.

ಆ ಮಾತಿನಲ್ಲಿ ಒಂದು ವಿಷಯ ನಿಚ್ಚಳವಾಯಿತು. ಇಲ್ಲಿ ಕಾರು-ಕಾರಿನ ನಡುವಿನ ಹೋಲಿಕೆಗಿಂತ ಮನೆ-ಮನೆಯ ನಡುವಿನ ಹೋಲಿಕೆ ದೊಡ್ಡದು. ಮನೆಯಲ್ಲಿ ಇರಬಹುದಾದದ್ದು ಒಂದೇ ಕಾರು, ಪಾರ್ಕಿಂಗ್ ಒಂದೇ ಎಂದಾದರೆ ಎಂ340ಐ ಎದುರು ಕೇಮನ್‌ಗೆ ನಿಲ್ಲುವ ಶಕ್ತಿ ಇಲ್ಲ. ಅದನ್ನು ದಿನಬಳಕೆಗೆ ಓಡಿಸುವವರು ಇದ್ದಾರೆ, ಓಡಿಸಬಹುದು ಕೂಡ. ಮೂತಿಯಲ್ಲಿ 150 ಲೀಟರಿನ ಒಂದು ಡಿಕ್ಕಿ, ಹಿಂದೆ ಇನ್ನೊಂದು, ಸಾಮಾನಿಗೆ ಜಾಗ ಅನ್ನಿಸುವುದಕ್ಕಿಂತ ಹೆಚ್ಚೇ ಇದೆ. ಆದರೆ ಮಳೆಗಾಲದ ಸಂಜೆ, ಮಾನ್ಯತಾ ಟೆಕ್ ಪಾರ್ಕ್ ಮುಂದೆ ಮೊಣಕಾಲುದ್ದ ನೀರು ನಿಂತಾಗ ಅದರಲ್ಲಿ ಕೂತವನು ಸ್ಪೋರ್ಟ್ಸ್ ಕಾರಿನ ಸುಖವನ್ನು ಅನುಭವಿಸುತ್ತಿರುವುದಿಲ್ಲ. ಎರಡನೇ ಕಾರು ಇದ್ದು, ಅದು ಬಲೆನೋ ಆಗಲಿ ಇನ್ನೋವಾ ಆಗಲಿ, ಇನ್ನೊಂದು ಪಾರ್ಕಿಂಗ್ ಜಾಗವೂ ಇದ್ದರೆ ತಕ್ಕಡಿ ತಿರುಗುತ್ತದೆ. ಆಗ ಎಂ340ಐ ಮಾಡುವ ಕೆಲಸದ ಮುಕ್ಕಾಲು ಪಾಲನ್ನು ಮೊದಲ ಕಾರೇ ಮಾಡುತ್ತಿದೆ. ಉಳಿದ ಕಾಲು ಪಾಲಿಗೆ, ಅಂದರೆ ಭಾನುವಾರ ಐದೂವರೆಗೆ ಎದ್ದು ಮುಳಬಾಗಿಲಿನ ತನಕ ಹೋಗಿ ಮಸಾಲೆದೋಸೆ ತಿಂದು ಬರುವುದಕ್ಕೆ, ಎರಡು ಸೀಟು ಬೇಕಾದಷ್ಟಾಯಿತು.

ಹೀಗೆ ಹೇಳಿದರೆ ಬಿಎಂಡಬ್ಲ್ಯು ಪರದವರು ಒಂದು ಸರಿಯಾದ ಪ್ರಶ್ನೆ ಎತ್ತುತ್ತಾರೆ: ಭಾನುವಾರದ ಬೆಳಗು ಎಷ್ಟು ಸಲ ಬರುತ್ತದೆ? ಮಳೆ, ಮದುವೆ, ಮಕ್ಕಳ ಪರೀಕ್ಷೆ, ಜ್ವರ ಕಳೆದರೆ ಉಳಿಯುವುದೆಷ್ಟು? ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಧೂಳು ಹೊದ್ದು, ಬ್ಯಾಟರಿ ಸತ್ತು ನಿಂತ ಸ್ಪೋರ್ಟ್ಸ್ ಕಾರುಗಳು ಈ ಪ್ರಶ್ನೆಗೆ ಉತ್ತರದಂತೆಯೇ ಇವೆ. ದಿನಾ ಓಡಿಸುವ ಕಾರಿನಲ್ಲಿ ಸಿಗುವ ದಿನಕ್ಕೆ ಐದು ನಿಮಿಷದ ಖುಷಿ, ವರ್ಷದ ಕೊನೆಗೆ ಕೂಡಿ ನೋಡಿದರೆ, ಭಾನುವಾರಗಳ ಖುಷಿಗಿಂತ ಹೆಚ್ಚಾದೀತು. ಇದಕ್ಕೆ ಕೇಮನ್ ಪಕ್ಷದವರ ಬಳಿ ಲೆಕ್ಕದ ಉತ್ತರ ಇಲ್ಲ. ಅವರು ಹೇಳುವುದು ಇಷ್ಟು: ಆ ಐದು ನಿಮಿಷದಲ್ಲಿ ನೀನು ಫೋನಿನಲ್ಲಿ ಮಾತಾಡುತ್ತಿರುತ್ತೀಯ.

ನಡುದಾರಿ ಇಲ್ಲವೇ ಎಂದರೆ ಇದೆ, ಬೆಲೆ ಮೇಲಕ್ಕೆ ಹೋಗುತ್ತದೆ. ಬಿಎಂಡಬ್ಲ್ಯುವಿನ ಎಂ2 ಚಿಕ್ಕದು, ಹಿಂದಿನ ಸೀಟೂ ಇದೆ. 2023ರಲ್ಲಿ ಅದು ನಮ್ಮಲ್ಲಿಗೆ ಬಂದಾಗ ಕೈಯಿಂದ ಗೇರ್ ಹಾಕುವ 6 ಗೇರಿನ ಆಯ್ಕೆಯನ್ನೂ ಇಟ್ಟಿದ್ದರು. ಶೋರೂಂ ಬೆಲೆಯೇ ಕೋಟಿಯ ಹೊಸ್ತಿಲು. ಕೆಳಗಡೆ ಹೋದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 2025ರ ಮೇನಲ್ಲಿ ಸುಮಾರು ₹53 ಲಕ್ಷಕ್ಕೆ ಬಂತು, 265 ಅಶ್ವಶಕ್ತಿ, ಐದು ಸೀಟು. ಅದರ ಮೊದಲ ಕಂತಿನ 150 ಕಾರುಗಳು ಬೆಲೆ ಪ್ರಕಟವಾಗುವ ಮುಂಚೆಯೇ ಆನ್‌ಲೈನಿನಲ್ಲಿ ಬುಕ್ ಆಗಿಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 100 ಕಾರುಗಳದ್ದೂ ಅದೇ ಕಥೆ. ಕೊಂಡವರು ಓಡಿಸಿ ನೋಡಿರಲಿಲ್ಲ. ಇದನ್ನು ಹುಚ್ಚು ಎನ್ನಲು ನನಗೆ ಮನಸ್ಸಿಲ್ಲ. ಕೆಲವರಿಗೆ ಕಾರಿನ ಆಯ್ಕೆ ಇಪ್ಪತ್ತು ವರ್ಷ ಹಿಂದೆ, ಗೋಡೆಗೆ ಪೋಸ್ಟರ್ ಅಂಟಿಸಿದ ದಿನವೇ ಆಗಿಹೋಗಿರುತ್ತದೆ. ಅಂಥವರಿಗೆ ಟೆಸ್ಟ್ ಡ್ರೈವ್ ಒಂದು ಶಾಸ್ತ್ರ. ಆದರೆ ಪೋಸ್ಟರಿನ ಕಾರು ಹೊಸದಾಗಿರುತ್ತದೆ, ಕೇಮನ್ ಹೊಸದಲ್ಲ. ಹಳೆಯ ಕಾರಿನ ವಿಷಯದಲ್ಲಿ ಶಾಸ್ತ್ರ ಸಾಲದು.

ಆದ್ದರಿಂದ ಆ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರಿನ ದಿನಾಂಕ ಬೇರೆ ಬೇರೆಯಿದ್ದರೆ ಏಕೆಂದು ಕೇಳಿ. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ಬಾಗಿಲು, ಫೆಂಡರ್, ಬಾನೆಟ್ ಮೇಲೆ ಒಂದೇ ಥರದ ಅಂಕಿ ತೋರಿಸಬೇಕು. ಒಂದು ಕಡೆ ದುಪ್ಪಟ್ಟಾದರೆ ಅಲ್ಲಿ ಮರುಬಣ್ಣವೋ ಪಟ್ಟಿಯೋ ಆಗಿದೆ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ, ಬೇರೆ ರಾಜ್ಯದ್ದಾದರೆ ಎನ್‌ಒಸಿ ಇದೆಯೇ, ಇವೆಲ್ಲ ಯಾವ ಹಳೆಯ ಕಾರಿಗೂ ಇದ್ದದ್ದೇ.

ಹೆಚ್ಚಿನವರು ಕೇಳದ ಒಂದು ಅಂಕಿ ಇದೆ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ತಾನು ಒಟ್ಟು ಎಷ್ಟು ಗಂಟೆ ಓಡಿದ್ದೇನೆ ಎಂಬುದನ್ನು ದಾಖಲಿಸಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಹಾಕಿದರೆ ಅದು ಸಿಗುತ್ತದೆ. ಮೀಟರಿನ ಕಿಲೋಮೀಟರನ್ನು ಆ ಗಂಟೆಗಳಿಂದ ಭಾಗಿಸಿದರೆ ಆ ಬಂಡಿಯ ಜಾತಕವೇ ಬಯಲು. 20,000 ಕಿ.ಮೀ. ಓಡಿದ ಕಾರು 500 ಗಂಟೆ ತೋರಿಸಿದರೆ ಸರಾಸರಿ 40, ಅಂದರೆ ಹೆದ್ದಾರಿ ಕಂಡ ಬಂಡಿ. ಅದೇ 20,000ಕ್ಕೆ 1,200 ಗಂಟೆ ತೋರಿಸಿದರೆ ಸರಾಸರಿ 17ಕ್ಕೂ ಕಡಿಮೆ. ಒಂದೋ ಅದು ಜೀವಮಾನವೆಲ್ಲ ಹೊರವರ್ತುಲ ರಸ್ತೆಯಲ್ಲಿ ಬೆಂದಿದೆ, ಇಲ್ಲವೇ ಯಾರೋ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ. ಮೊದಲನೆಯದು ಅಪರಾಧವಲ್ಲ, ಆದರೆ ಬೆಲೆಯಲ್ಲಿ ಕಾಣಿಸಬೇಕು. ಕಡಿಮೆ ಕಿಲೋಮೀಟರು ಎಂದು ಹಿಗ್ಗುವ ಗಿರಾಕಿಗೆ ಈ ಒಂದು ಭಾಗಾಕಾರ ಲಕ್ಷಗಟ್ಟಲೆ ಉಳಿಸೀತು.

ಕಂಪನಿಯ ಅಧಿಕೃತ ಹಳೆಯ ಕಾರುಗಳಿಗೆ ಪೋರ್ಷೆ 111 ಅಂಶಗಳ ತಪಾಸಣೆ ಮಾಡಿ, ವಾರಂಟಿ ಕೊಟ್ಟು ಮಾರುವ ವ್ಯವಸ್ಥೆ ಇಟ್ಟಿದೆ. ಅಲ್ಲಿ ಬೆಲೆ ಹೆಚ್ಚು. ಹೊರಗಿನ ವ್ಯಾಪಾರಿಯ ಬಳಿ ಕಡಿಮೆ, ಆದರೆ ಕೊಳ್ಳುವ ಮುಂಚಿನ ತಪಾಸಣೆಯ ಖರ್ಚು ಮತ್ತು ತಲೆಬಿಸಿ ನಮ್ಮದು. ಈ ಎರಡರ ನಡುವಿನ ವ್ಯತ್ಯಾಸ ತಪಾಸಣೆಯ ಖರ್ಚಿಗಿಂತ ಬಹಳ ಹೆಚ್ಚಿದ್ದರೆ ಹೊರಗಿನವನ ಬಳಿ ಹೋಗುವುದರಲ್ಲಿ ಅರ್ಥವಿದೆ. ಇಲ್ಲವಾದರೆ ವಾರಂಟಿಯ ಹಾಳೆ ಕೊಳ್ಳುವುದೇ ಮೇಲು. ನನ್ನ ಮಟ್ಟಿಗೆ, ವಾರಂಟಿ ಇಲ್ಲದ ಆಮದು ಸ್ಪೋರ್ಟ್ಸ್ ಕಾರಿಗೆ ಕೊಂಡ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ಪಕ್ಕಕ್ಕೆ ಎತ್ತಿಟ್ಟುಕೊಳ್ಳಲಾಗದವನು ಅದರ ಬಾಗಿಲು ತೆಗೆಯಬಾರದು. ಅಷ್ಟು ಎತ್ತಿಟ್ಟ ಮೇಲೆ ಲೆಕ್ಕ ಮತ್ತೆ ಹೊಸ ಬಿಎಂಡಬ್ಲ್ಯು ಹತ್ತಿರ ಬಂದು ನಿಲ್ಲುತ್ತದೆ, ನಿಜ. ಆದರೆ ಆ ಹಣ ಖರ್ಚಾಗಲೇಬೇಕೆಂದಿಲ್ಲ, ಹೊಸ ಕಾರಿನಲ್ಲಿ ಕರಗುವ ಬೆಲೆ ಮಾತ್ರ ಕರಗಿಯೇ ತೀರುತ್ತದೆ.

ಗೆಳೆಯನಿಗೆ ಎರಡು ಪಾರ್ಕಿಂಗ್ ಇವೆ. ಒಂದರಲ್ಲಿ ಹಳೆಯ ಹೋಂಡಾ ಸಿಟಿ ನಿಂತಿದೆ, ಅಮ್ಮನಿಗೆ ಅದರ ಎತ್ತರ ಒಗ್ಗಿದೆ. ಈ ಕಾರಣಕ್ಕೆ ನನ್ನ ತೂಕ ಕೂದಲೆಳೆಯಷ್ಟು ಕೇಮನ್ ಕಡೆಗೆ. ಒಂದೇ ಪಾರ್ಕಿಂಗ್ ಇದ್ದಿದ್ದರೆ ಆ ಕಡೆ ತಲೆಯೂ ಹಾಕುತ್ತಿರಲಿಲ್ಲ. ಅವನು ಸದ್ಯ ಮಾರಾಟಗಾರನಿಗೆ ಎರಡು ಷರತ್ತು ಹಾಕಿದ್ದಾನೆ: ಸ್ಕ್ಯಾನರ್ ವರದಿ ತನ್ನ ಕಡೆಯ ಮೆಕ್ಯಾನಿಕ್ಕೇ ತೆಗೆಯಬೇಕು, ಮತ್ತು ಕಾರು ಅವನ ಬೇಸ್‌ಮೆಂಟ್ ರಾಂಪನ್ನು ಇಬ್ಬರನ್ನು ಕೂರಿಸಿಕೊಂಡು ಒಮ್ಮೆ ಹತ್ತಿ ಇಳಿಯಬೇಕು. ಮೊದಲನೆಯದಕ್ಕೆ ಮಾರಾಟಗಾರ ಕೂಡಲೇ ಒಪ್ಪಿದ. ಎರಡನೆಯದಕ್ಕೆ ರಾಂಪಿನ ಫೋಟೋ ಕಳಿಸಿ ಸರ್, ನೋಡಿ ಹೇಳುತ್ತೇನೆ ಎಂದಿದ್ದಾನೆ. ಬಿಎಂಡಬ್ಲ್ಯು ಕೊಟೇಶನ್‌ಗೆ ತಿಂಗಳ ಕೊನೆಯ ತನಕ ಸಮಯವಿದೆ.